ಕತಕರೇಣು ನ್ಯಾಯವೂ ತಳದ ಗಸಿಯೂ

ಗೋನೆಗಂಡ್ಲದ ಸಮೀಪದಲ್ಲಿ ಹಂದ್ರಿ ನದಿಗೆ ಅಡ್ಡಲಾಗಿ ಗಾಜುಲದಿನ್ನೆ ಜಲಾಶಯವಿದೆ. ಎರೆಭೂಮಿಯ ಸೀಮೆಯಲ್ಲಿ ಹೊಸ ಮಳೆಯ ನೀರು ಮಣ್ಣನ್ನು ಹೊತ್ತೇ ಹರಿಯುತ್ತದೆ. ಇಂಥ ಕದಡಿದ ನೀರನ್ನು ತಿಳಿಗೊಳಿಸಲು ಹಿಂದಿನವರು ಬಳಸಿದ ಬೀಜಕ್ಕೆ ಗಡಿನಾಡಿನ ಭಾಷೆಗಳು ತಮ್ಮ ತಮ್ಮ ಹೆಸರಿಟ್ಟಿವೆ: ಕನ್ನಡದಲ್ಲಿ ಚಿಲ್ಲದ ಬೀಜ, ತೆಲುಗಿನಲ್ಲಿ ಚಿಲ್ಲಗಿಂಜ, ಮರಾಠಿಯಲ್ಲಿ ನಿವಳಿ, ಸಂಸ್ಕೃತದಲ್ಲಿ ಕತಕ. ಮರಾಠಿಯ ‘ನಿವಳಣೇ’ ಎಂದರೆ ತಿಳಿಯಾಗುವುದು. ಅಲ್ಲಿ ಕೆಲಸವೇ ಹೆಸರಾಗಿದೆ.

ಬೀಜವನ್ನು ಮಣ್ಣಿನ ಕೊಡದ ಒಳಮೈಗೆ ತೇಯ್ದು ನೀರು ತುಂಬಿಟ್ಟರೆ ಕದಡು ಮೆಲ್ಲನೆ ತಳಕ್ಕಿಳಿಯುತ್ತದೆ. ಸುಶ್ರುತಸಂಹಿತೆಯೂ ಕತಕವನ್ನು ಜಲಶುದ್ಧಿಯ ಸಾಧನಗಳಲ್ಲಿ ಹೇಳಿದೆ. ಶಂಕರಾಚಾರ್ಯರದೆಂದು ಪ್ರಸಿದ್ಧವಾದ ‘ಆತ್ಮಬೋಧ’ದಲ್ಲಿ ಇದೇ ಬೀಜ ದೃಷ್ಟಾಂತವಾಗುತ್ತದೆ: ಕತಕದ ಪುಡಿ ಕೊಳೆಯನ್ನಿಳಿಸಿ ತಾನೂ ಇಲ್ಲವಾಗುವಂತೆ, ಜ್ಞಾನವು ಅಜ್ಞಾನವನ್ನು ನೀಗಿ ತಾನೂ ಅಡಗುತ್ತದೆ. ಇದೇ ಕತಕರೇಣು ನ್ಯಾಯ. ಕನ್ನಡದಲ್ಲಂತೂ ‘ತಿಳಿ’ ಎಂಬ ಒಂದೇ ಪದ ನಿರ್ಮಲತೆಯನ್ನೂ ಅರಿವನ್ನೂ ಸೂಚಿಸುತ್ತದೆ.

ಆದರೆ ಕೊಡದಲ್ಲಿ ಯಾವುದೂ ಇಲ್ಲವಾಗುವುದಿಲ್ಲ. ತಳ ಸೇರುತ್ತದೆ, ಅಷ್ಟೆ. ಬೀಜದ ಗಸಿಯನ್ನು ಗಿಡದ ಬುಡಕ್ಕೆ ಚೆಲ್ಲಿದರೆ ಕೊಳೆತು ಮಣ್ಣಾಗುತ್ತದೆ. ನಗರಗಳ ಶುದ್ಧೀಕರಣ ಘಟಕಗಳಲ್ಲಿ ಬಳಸುವ ಪಟಿಕದ ಮಾತು ಬೇರೆ. ಮಣ್ಣಿನ ಕಣಗಳು ಋಣ ವಿದ್ಯುದಂಶದಿಂದ ಒಂದನ್ನೊಂದು ದೂಡುತ್ತ ತೇಲುತ್ತವೆ. ಪಟಿಕದ ಅಲ್ಯೂಮಿನಿಯಂ ಆ ವಿಕರ್ಷಣೆಯನ್ನು ಅಳಿಸಿ, ಕಣಗಳನ್ನು ಗರಣೆಗಟ್ಟಿಸಿ, ಅವುಗಳೊಡನೆ ಹೈಡ್ರಾಕ್ಸೈಡ್ ರೂಪದಲ್ಲಿ ತಳ ಸೇರುತ್ತದೆ. ಆ ಗಸಿ ರಾಶಿ ರಾಶಿಯಾಗಿ ಉಳಿಯುತ್ತದೆ.

ಅದರಿಂದ ಪಟಿಕವನ್ನು ಮರಳಿ ಪಡೆಯಲು ಸಾಧ್ಯವಿದೆ. ಗಸಿಗೆ ಗಂಧಕಾಮ್ಲ ಬೆರೆಸಿದರೆ ಅಲ್ಯೂಮಿನಿಯಂ ಕರಗಿ ಮತ್ತೆ ಸಲ್ಫೇಟ್ ಆಗುತ್ತದೆ. ತೊಡಕೆಂದರೆ, ಅದರೊಡನೆ ಸಾವಯವ ಕಲ್ಮಶವೂ ಕೆಲವು ಲೋಹಗಳೂ ಕರಗಿ ಬರುತ್ತವೆ. ಆದಕಾರಣ ಕುಡಿಯುವ ನೀರಿಗೆ ಅದನ್ನು ಮರುಬಳಸುವ ಮುನ್ನ ವಿಶೇಷ ಪೊರೆಗಳ ಮೂಲಕ ಬೇರ್ಪಡಿಸಬೇಕು. ಹಾಗೆ ಬೇರ್ಪಡಿಸದುದನ್ನು ಚರಂಡಿ ನೀರಿನ ರಂಜಕ ತೆಗೆಯಲು ಬಳಸಬಹುದು.

ಇನ್ನೊಂದು ಎಚ್ಚರವೂ ಅಗತ್ಯ. ತಿಳಿಯಾದ ನೀರೆಲ್ಲ ಶುದ್ಧವಲ್ಲ. ಬೀಜವಾಗಲಿ ಪಟಿಕವಾಗಲಿ ರೋಗಾಣುಗಳನ್ನು ಪೂರ್ತಿ ನೀಗಲಾರವು; ಕುದಿಸುವುದು ಅಥವಾ ಕ್ಲೋರಿನ್ ಬೆರೆಸುವುದು ತಪ್ಪದು.

ಕೊಡದ ಮೇಲಣ ತಿಳಿಯನ್ನಷ್ಟೇ ಕಂಡರೆ ಅರ್ಧ ಪಾಠವಾಯಿತು. ತಳದ ಗಸಿಗೆ ಗತಿಯೇನೆಂದು ಕೇಳಿದಾಗಲೇ ಅದು ಪೂರ್ಣ.

ಅಭ್ಯಾಸ: ‘ತಿಳಿ’ ಪದದ ಎರಡು ಅರ್ಥಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ. ಮನೆಯ ಹಿರಿಯರನ್ನು ಕೇಳಿ, ನೀರು ತಿಳಿಗೊಳಿಸುವ ಕ್ರಮಗಳನ್ನೂ ಅವುಗಳ ಸ್ಥಳೀಯ ಹೆಸರುಗಳನ್ನೂ ಬರೆದು ತನ್ನಿರಿ.