ಪ್ರಾರ್ಥನೆಯೂ ಅಂಜೂರದ ಉಂಡೆಯೂ

2 ಅರಸುಗಳು 20ನೇ ಅಧ್ಯಾಯ ತೆಗೀರಿ. ಸಾಯುವ ಸ್ಥಿತಿಯಲ್ಲಿದ್ದ ಹಿಜ್ಕೀಯನು ಅತ್ತು ಪ್ರಾರ್ಥಿಸಿದನು. ದೇವರು 15 ವರುಷ ಆಯುಷ್ಯ ಕೂಡಿಸಿದನು. ಆದರೂ ಪ್ರವಾದಿಯಾದ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಉಂಡೆ ಇಡಿಸಿದನು. ವಾಗ್ದಾನವೂ ಇತ್ತು, ಔಷಧವೂ ಇತ್ತು.

ನಮ್ಮ ಮುಗಳಖೋಡದಾಗೂ ಹಾಂಗೇ ಇರಲಿ. ಎರಡು ವಾರವಾದರೂ ಕೆಮ್ಮು ಬಿಡದಿದ್ದರೆ ಸರ್ಕಾರಿ ದವಾಖಾನೆಯಲ್ಲಿ ಕಫ ತಪಾಸಣೆ ಮಾಡಿಸ್ರಿ. ಟಿಬಿ ಇದ್ದರೆ ಗುಳಿಗೆ ಪುಕ್ಕಟೆ; ಸಾಮಾನ್ಯವಾಗಿ 6 ತಿಂಗಳು ನುಂಗಬೇಕು. ಪ್ರಾರ್ಥನೆ ಆಯ್ತು, ಕೆಮ್ಮು ನಿಂತಿತು ಅಂತ ನಡುವೆ ಬಿಟ್ಟರೆ ಗುಳಿಗೆಗೂ ಬಗ್ಗದಂತೆ ರೋಗ ತಿರುಗಿ ಬರಬಹುದು. ನಾನು ಎಣ್ಣೆ ಹಚ್ಚಿ ಪ್ರಾರ್ಥಿಸುತ್ತೇನೆ. ಗುಳಿಗೆ ಬಿಡ್ರಿ ಅಂತ ಎಂದೂ ಹೇಳುವುದಿಲ್ಲ.

ಜಡ್ಡು ಬರುವ ಮೊದಲೇ ಆಯುಷ್ಮಾನ್ ಕಾರ್ಡ್ ಮಾಡಿಸಿಡ್ರಿ. ಆಂಬುಲೆನ್ಸಿನ 108 ನಂಬರ್ ಮಕ್ಕಳಿಗೂ ಕಲಿಸ್ರಿ. ಒಂಟಿಯಾಗಿರುವ ಅಜ್ಜ-ಅಜ್ಜಿಯರ ಸಂಗಡ ದವಾಖಾನೆಗೆ ಯಾರು ಹೋಗ್ತೀರಿ? ಇವತ್ತೇ ಹೆಸರು ಬರೆಸ್ರಿ. ಆಮೆನ್.