ಉಳುಕಿದ ಪಾದಕ್ಕೆ ಗೋಡೆಯ ಅಳತೆ

ಬೆಳಗಾವಿಯ ರಾಮತೀರ್ಥ ನಗರದ ಜೂಡೊ ಆಟಗಾರ್ತಿಯೊಬ್ಬರ ಪ್ರಶ್ನೆ: ಪಾದ ಉಳುಕಿ ತಿಂಗಳಾಯಿತು, ನೋವಿಲ್ಲ, ಕುಕ್ಕರಗಾಲಲ್ಲಿ ಕೂತರೆ ಹಿಮ್ಮಡಿ ಮೇಲೇಳುತ್ತದೆ, ಏನು ಮಾಡಲಿ?

ನೋವು ಹೋದರೂ ಕೀಲು ಬಿಗಿದೇ ಉಳಿಯುವುದುಂಟು. ಹಿಮ್ಮಡಿ ಎತ್ತದೆ, ಪಾದವನ್ನು ಆದಷ್ಟು ಹಿಂದಿಟ್ಟು ಮೊಣಕಾಲನ್ನು ಗೋಡೆಗೆ ಮುಟ್ಟಿಸಿ, ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರ ಅಳೆಯಲಿ. ಸಾಮಾನ್ಯವಾಗಿ 10 ಸೆಂ.ಮೀ. ಆಸುಪಾಸು ಬರುತ್ತದೆ, ಎರಡು ಕಾಲುಗಳ ನಡುವಿನ ವ್ಯತ್ಯಾಸವೇ ಹೆಚ್ಚು ಮುಖ್ಯ. ಇದೇ ಭಂಗಿ ವ್ಯಾಯಾಮವೂ ಹೌದು. ಮೀನಖಂಡ ಸೆಳೆದರೆ ಸರಿ, ಕೀಲಿನ ಮುಂಭಾಗ ಚುಚ್ಚಿದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಲಿ.

ಬರೀ ಸಡಿಲಿಕೆ ಸಾಲದು. ತುರಮುರಿಯ ಮಲಪ್ರಭಾ ಜಾಧವ್ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಕುರಾಶ್ ನಿಂತೇ ಸೆಣಸುವ ಆಟ; ಅಲ್ಲಿ, ಜೂಡೊದಲ್ಲೂ, ಒಂಟಿಕಾಲ ಸ್ಥಿರತೆ ಬೇಕೇ ಬೇಕು. ಅದನ್ನೂ ದಿನವೂ ರೂಢಿಸಿಕೊಳ್ಳಲಿ.

ಮತ್ತೆ ಉಳುಕಿ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಎಣ್ಣೆ ತಿಕ್ಕುವವರನ್ನು ಹುಡುಕದೆ ಮೊದಲು ಎಕ್ಸ್‌ರೇ ತೆಗೆಸಲಿ.