ಹಳೆಯ ಐಫೋನ್‌ನಲ್ಲಿ ಮಾತ್ರ ಬಿಳಿ ಪರದೆ

ಪ್ರಶ್ನೆ: ನನ್ನ ಹೈಬ್ರಿಡ್ ಆ್ಯಪ್ ಆಂಡ್ರಾಯ್ಡ್‌ನಲ್ಲೂ ಹೊಸ ಐಫೋನ್‌ನಲ್ಲೂ ಚೆನ್ನಾಗಿದೆ. ಹಳೆಯ ಐಫೋನ್‌ಗಳಲ್ಲಿ ಬರೀ ಬಿಳಿ ಪರದೆ. ಗ್ರಾಹಕರು ಬೈಯುತ್ತಿದ್ದಾರೆ. ಈ ಕೆಲಸವೇ ಬೇಡ ಅನ್ನಿಸಿದೆ.

ಉತ್ತರ: ಕೆಲಸ ಬಿಡುವ ಮಾತು ಸದ್ಯಕ್ಕೆ ಬೇಡ. ಇಡೀ ತೊಂದರೆ ಒಂದೇ ಸಾಲಿನಲ್ಲಿ ಅಡಗಿರುವ ಸಾಧ್ಯತೆ ಹೆಚ್ಚು.

ಆಂಡ್ರಾಯ್ಡ್‌ನ ವೆಬ್‌ವ್ಯೂ ಪ್ಲೇ ಸ್ಟೋರ್ ಮೂಲಕ ಬೇರೆಯಾಗಿ ಅಪ್‌ಡೇಟ್ ಆಗುತ್ತದೆ. ಐಫೋನ್‌ನಲ್ಲಿ ಅದು ಐಓಎಸ್ ಜೊತೆಗೇ ಬರುವುದು. ಫೋನ್ ಹಳೆಯದಾಗಿ ಉಳಿದರೆ ಅದೂ ಅಲ್ಲೇ ಉಳಿಯುತ್ತದೆ.

ನನ್ನ ಮೊದಲ ಅನುಮಾನ ರೆಜೆಕ್ಸ್ ಮೇಲೆ. (?<= ಅಥವಾ (?<! ಎಂದು ಹುಡುಕಿ. ಈ ಲುಕ್‌ಬಿಹೈಂಡ್ ಸಫಾರಿಗೆ ಬಂದದ್ದು 2023ರ 16.4 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯದರಲ್ಲಿ ಇಂಥದ್ದೊಂದು ಕಂಡರೆ ಸಾಕು, ಆ ಫೈಲ್ ಪೂರ್ತಿ ಓಡುವುದೇ ಇಲ್ಲ. ಅದಕ್ಕೇ ಬಿಳಿ ಪರದೆ. ನಿಮ್ಮ ಕೋಡ್ ಒಂದನ್ನೇ ನೋಡಿದರೆ ಸಾಲದು, ಬಿಲ್ಡ್ ಆದ ಫೈಲ್‌ನಲ್ಲಿ ಹುಡುಕಿ. ಎಷ್ಟೋ ಸಲ ಯಾವುದೋ ಲೈಬ್ರರಿ ಅದನ್ನು ತಂದು ಸೇರಿಸಿರುತ್ತದೆ. ಬೇಬೆಲ್ ಇದನ್ನು ಬದಲಿಸಿಕೊಡುವುದಿಲ್ಲ, ಕೈಯಾರೆ ಬೇರೆ ರೀತಿ ಬರೆಯಬೇಕು.

ಊಹೆ ಖಚಿತವಾಗಬೇಕೆಂದರೆ ಹಳೆಯ ಐಫೋನ್ ಒಂದನ್ನು ಕೇಳಿ ತನ್ನಿ. ಅದರ ಸೆಟ್ಟಿಂಗ್ಸ್‌ನಲ್ಲಿ ವೆಬ್ ಇನ್‌ಸ್ಪೆಕ್ಟರ್ ಆನ್ ಮಾಡಿ, ಮ್ಯಾಕ್‌ಗೆ ಕೇಬಲ್ ಜೋಡಿಸಿ, ಎಕ್ಸ್‌ಕೋಡ್‌ನಿಂದಲೇ ಆ್ಯಪ್ ಓಡಿಸಿ. ಸ್ಟೋರ್‌ನಿಂದ ಇಳಿಸಿದ ಆ್ಯಪ್ ಇದಕ್ಕೆ ಒದಗದು. ಆಮೇಲೆ ಸಫಾರಿಯ ಡೆವಲಪ್ ಮೆನು ತೆರೆದು, ಪುಟವನ್ನು ರಿಲೋಡ್ ಮಾಡಿ. ಕನ್ಸೋಲ್‌ನಲ್ಲಿ ‘ಇನ್‌ವ್ಯಾಲಿಡ್ ಗ್ರೂಪ್ ಸ್ಪೆಸಿಫೈಯರ್ ನೇಮ್’ ಎಂದು ಕೆಂಪಕ್ಷರ ಬಂದರೆ ಕಳ್ಳ ಸಿಕ್ಕಂತೆ. ಬೇರೇನಾದರೂ ಬಂದರೆ ಆ ಸಾಲನ್ನು ಹಾಗೇ ನನಗೆ ಬರೆದು ಕಳಿಸಿ, ಜೊತೆಗೆ ಐಓಎಸ್ ಆವೃತ್ತಿಯನ್ನೂ ತಿಳಿಸಿ.